ಬೀಜದ ಗಡಿಗೆಯಲ್ಲಿಟ್ಟ ಬೆಳ್ಳಿ

ಜೋಳದ ಬೀಜಕ್ಕೆ ಗಂಧಕ ಹಚ್ಚಿಸುವುದು ನನ್ನ ಮೊದಲ ನೌಕರಿ. ಐವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರವಿತ್ತು. ಒಕ್ಕಲುತನದ ಖಾತೆಯವರು ನನ್ನನ್ನು ರೋಣಕ್ಕೆ ಹಾಕಿದ್ದರು. ಒಂದು ಸೈಕಲ್ಲು, ಒಂದು ಚೀಲ, ಚೀಲದ ತುಂಬ ಹಳದಿ ಪುಡಿಯ ಪೊಟ್ಟಣಗಳು. ಒಂದು ಪೊಟ್ಟಣ ಒಂದು ಎಕರೆಯ ಬೀಜಕ್ಕೆ. ಗಡಿಗೆಯಲ್ಲಿ ಬೀಜ ಹಾಕಿ, ಪುಡಿ ಸುರಿದು, ಬಾಯಿಗೆ ಅರಿವೆ ಕಟ್ಟಿ, ಕಾಳು ಕಾಳಿಗೂ ಹಳದಿ ಹತ್ತುವ ತನಕ ಕುಲುಕಬೇಕು. ಅಷ್ಟು ಮಾಡಿದರೆ ತೆನೆಗೆ ಕಾಡಿಗೆ ರೋಗ ಬರುವುದಿಲ್ಲ. ಮಾಡದಿದ್ದರೆ ಕಾಳು ಇರಬೇಕಾದಲ್ಲಿ ಕರಿಯ ಹುಡಿ ತುಂಬಿಕೊಂಡು, ರಾಶಿ ಮಾಡುವವರ ಮುಖವೆಲ್ಲ ಮಸಿಯಾಗುತ್ತದೆ.

ನಾನು ಕಲಿತ ಒಕ್ಕಲುತನದ ಸಾಲೆಯಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸುತ್ತಿದ್ದರು. ಐದೂಕಾಲಕ್ಕೆ ಹಾಸಿಗೆ ಸುತ್ತಿಟ್ಟಿರಬೇಕು, ಐದೂವರೆಗೆ ಹೊಲದಲ್ಲಿರಬೇಕು. ತಡವಾದವನಿಗೆ ಅಂದಿನ ನಾಷ್ಟಾ ಇಲ್ಲ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ನಾಷ್ಟಾ ತಪ್ಪಿಸಿಕೊಂಡಿಲ್ಲ. ಆ ಶಿಸ್ತು ನೌಕರಿಗೂ ಬಂತು. ಹಿಂಗಾರಿ ಬಿತ್ತಿಗೆ ಎಲ್ಲ ಊರಲ್ಲೂ ಒಂದೇ ವಾರ ಶುರುವಾಗುತ್ತದೆ. ಒಬ್ಬನೇ ಮನುಷ್ಯ ಅಷ್ಟೂ ಊರು ಮುಟ್ಟುವುದು ಸಾಧ್ಯವಿಲ್ಲ. ಹಾಗಾಗಿ ನಾನು ಒಂದೂವರೆ ತಿಂಗಳು ಮೊದಲೇ ಶುರು ಮಾಡಿದೆ. ಒಂದು ವಾರ ನರಗುಂದದ ಕಡೆ, ಒಂದು ವಾರ ಗಜೇಂದ್ರಗಡದ ಕಡೆ. ಯಾವ ದಿನ ಯಾವ ಊರು ಎಂಬುದು ಡೈರಿಯಲ್ಲಿ ಬರೆದಿತ್ತು, ಬರೆದಂತೆಯೇ ನಡೆಯಿತು. ಗಂಧಕವನ್ನು ತಿಂಗಳ ಮೊದಲು ಹಚ್ಚಿದರೂ ಅಷ್ಟೇ, ಹಿಂದಿನ ದಿನ ಹಚ್ಚಿದರೂ ಅಷ್ಟೇ. ಅದು ಕೆಡುವ ವಸ್ತುವಲ್ಲ. ನನ್ನ ಏರ್ಪಾಡಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.

ಬಿತ್ತಿಗೆಯ ವಾರ ತಪಾಸಣೆಗೆಂದು ಗಜೇಂದ್ರಗಡದ ಹತ್ತಿರದ ರಾಜೂರಿನ ಒಂದು ಮನೆಗೆ ಹೋದಾಗ ತಪ್ಪು ಕಂಡಿತು.

ಆ ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಒಬ್ಬನೇ ಮಗ, ಅದೇ ಬ್ಯಾಸಗಿಯಲ್ಲಿ ಮದುವೆಯಾಗಿ ಬಂದ ಸೊಸೆ. ಮೂವತ್ತು ಎಕರೆ ಕರಿಮಣ್ಣಿನ ಎರಿ ಹೊಲ. ಸೊಸೆಯ ತವರು ನರಗುಂದ. ಅವಳ ತಂದೆ ಅಲ್ಲಿ ಹತ್ತಿಯ ವ್ಯಾಪಾರಿ. ನಾನು ಹೋದಾಗ ಯಜಮಾನರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಮಗ ಕೂರಿಗೆ ಹೊಡೆದುಕೊಂಡು ಹೊಲಕ್ಕೆ ಹೋಗಿದ್ದ.

"ಬೀಜ ಹ್ಯಾಂಗದಾವ್ರಿ?" ಎಂದೆ.

"ಬೀಜ ಚಲೋ ಅದಾವ್ರಿ ಸಾಹೇಬ್ರ," ಎಂದರು. "ಬೀಗತನ ಕೆಟ್ಟೇತಿ."

ಆಮೇಲೆ ಒಂದೊಂದಾಗಿ ಹೇಳಿದರು. ಆ ಭಾಗದ ಹೆಂಗಸರಲ್ಲಿ ಒಂದು ರೂಢಿಯಿತ್ತು. ನಾನು ಗಂಡಸರ ಜೊತೆಗಷ್ಟೇ ಮಾತಾಡಿ ಹೋಗುವವನಾದ್ದರಿಂದ ನನಗದು ತಿಳಿದಿರಲಿಲ್ಲ. ಮಳೆಗಾಲದಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಮನೆ ಬಿಕೋ ಎನ್ನುವಾಗ, ಅವರು ಒಡವೆಯನ್ನು ಬೀಜದ ಗಡಿಗೆಯಲ್ಲಿ ಹೂತಿಡುತ್ತಿದ್ದರು. ತಿನ್ನುವ ಜೋಳ ತುಂಬಿಟ್ಟ ನೆಲದೊಳಗಿನ ಹಗೇವಿಗೆ ಯಾರಾದರೂ ಕೈ ಹಾಕುತ್ತಾರೆ. ಬೀಜದ ಗಡಿಗೆಯನ್ನು ಬಿತ್ತುವ ದಿನದ ತನಕ ಮನೆಯವರೂ ಮುಟ್ಟುವುದಿಲ್ಲ. ಮೇಲೊಂದು ತಾಮ್ರದ ದುಡ್ಡು ಇಟ್ಟು, ಬಾಯಿಗೆ ಸಗಣಿ ಮೆತ್ತಿದರೆ ಮುಗಿಯಿತು. ನಾನು ಅಂಗಳದಲ್ಲಿ ಗಂಧಕ ಕುಲುಕಿಸಿ, ಡೈರಿಯಲ್ಲಿ ಗುರುತು ಹಾಕಿ ಮುಂದಿನ ಊರಿಗೆ ಹೋದ ಮೇಲೆ, ಅತ್ತೆ ಸೊಸೆ ಇಬ್ಬರೂ ತಮ್ಮ ಒಡವೆಯನ್ನು ಅದೇ ಹಳದಿ ಬೀಜದೊಳಗೆ ಇಟ್ಟಿದ್ದರು. ಅತ್ತೆಯದು ಬಂಗಾರದ ಗುಂಡುಗಳ ಸರ, ಬೋರಮಾಳ. ಸೊಸೆಯದು ತಂದೆ ಮದುವೆಯಲ್ಲಿ ಕೊಟ್ಟ ಸೊಂಟದ ಬೆಳ್ಳಿಯ ಡಾಬು, ಕಾಲಿನ ಬೆಳ್ಳಿಯ ಪೈಜಣ.

ಯಜಮಾನರ ಮಾತು ಮುಗಿಯುವ ಮೊದಲೇ ಅವರ ಹೆಂಡತಿ ಒಳಗಿನಿಂದ ಗಂಟು ತಂದು ನನ್ನೆದುರು ಬಿಚ್ಚಿದರು. ಎತ್ತರದ ಹೆಂಗಸು. ಕೂತು ಮಾತಾಡುವ ಅಭ್ಯಾಸವೇ ಇಲ್ಲದವರು.

"ಕಲಿತವ್ರು ನೀವು ಹೇಳ್ರಿ. ಇದು ಬೆಳ್ಳೀನ?"

ಡಾಬು ಕರ್ರಗಾಗಿತ್ತು. ನಡುನಡುವೆ ಪಾರಿವಾಳದ ಕೊರಳಿನ ನೀಲಿ. ಪೈಜಣದ ಗೆಜ್ಜೆಗಳು ಸುಟ್ಟ ಕಡಲೆಯಂತೆ ಕಾಣುತ್ತಿದ್ದವು. ಪಕ್ಕದಲ್ಲಿ ಬೋರಮಾಳ ಹಳದಿ ಹಳದಿಯಾಗಿ ಹೊಳೆಯುತ್ತಿತ್ತು.

"ಎರಡೂ ಒಂದ ಗಡಿಗ್ಯಾಗ ಇದ್ವು," ಎಂದರು. "ನಂದು ಹ್ಯಾಂಗಿತ್ತೋ ಹಾಂಗ ಐತಿ. ಇವರದು ನೋಡ್ರಿ, ಹಂಚಿನ ತಳ ಆಗೇತಿ. ಖರೇ ಬೆಳ್ಳಿ ಹಿಂಗ ಆಗ್ತೈತೇನ್ರಿ? ತಕ್ಕಡಿ ಹಿಡಿಯೂ ಮಂದಿ, ನಮಗೂ ತೂಗಿ ಕೊಟ್ಟಾರ."

ಬೀಗರಿಗೆ ಆಗಲೇ ಕಾರ್ಡು ಹೋಗಿತ್ತು. ಮುಂದಿನ ಸೋಮವಾರ ನರಗುಂದದಿಂದ ಬಂದು ಮಗಳನ್ನು ಕರೆದುಕೊಂಡು ಹೋಗಬೇಕು. ಖರೇ ಬೆಳ್ಳಿ ತಂದ ದಿನ ತಿರುಗಿ ಕಳಿಸಬೇಕು. ಹೀಗೆ ಹೋದ ಹುಡುಗಿ ಯಾವಾಗ ತಿರುಗಿ ಬರುತ್ತಾಳೆ, ಬಂದರೂ ಯಾವ ಮುಖದಿಂದ ಬರುತ್ತಾಳೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಖೋಟಾ ಬೆಳ್ಳಿ ಕೊಟ್ಟ ಎಂಬ ಮಾತು ಪೇಟೆ ಸೇರಿದರೆ ಆ ವ್ಯಾಪಾರಿಯ ತಕ್ಕಡಿಯನ್ನು ಯಾರೂ ನಂಬುವುದಿಲ್ಲ.

ನನಗೆ ನೋಡಿದ ಕೂಡಲೇ ತಿಳಿಯಿತು. "ಅವ್ವಾರ, ತಪ್ಪು ನಂದು," ಎಂದೆ. "ಗಂಧಕ ಬೆಳ್ಳೀನ ಹಿಡಿದೈತಿ. ಮ್ಯಾಲಿನ ಬಣ್ಣ ಅಷ್ಟ. ಒಳಗ ಬೆಳ್ಳಿ ಬೆಳ್ಳೀನ ಐತಿ."

"ಬಂಗಾರಾನ ಯಾಕ ಹಿಡೀಲಿಲ್ಲ?"

"ಬಂಗಾರದ ಜೋಡಿ ಅದು ಕೂಡಂಗಿಲ್ರಿ."

"ಆಹಾ! ಒಂದ ಗಡಿಗ್ಯಾಗ ಒಂದನ್ನ ಹಿಡಿದು ಒಂದನ್ನ ಬಿಡಾಕ ಅದಕ್ಕ ಕಣ್ಣದಾವೇನ್ರಿ?"

ಅಡಿಗೆಮನೆಯ ಬಾಗಿಲ ಮರೆಯಿಂದ ಒಂದು ಸಣ್ಣ ದನಿ ಬಂತು. "ಅತ್ತೀ, ಗಡಿಗ್ಯಾಗಿನ ತಾಮ್ರದ ದುಡ್ಡೂ ಕರ್ರಗ ಆಗೇತಲ್ರಿ. ಅದನ್ನೂ ನಮ್ಮಪ್ಪ ಕೊಟ್ಟಿದ್ದೇನ್ರಿ?"

ಯಜಮಾನರು ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

"ಬಾಯಿ ನೋಡು, ನರಗುಂದದ ಬಾಯಿ!" ಎಂದರು ಅತ್ತೆ. ಆದರೂ ಒಳಗೆ ಹೋಗಿ ಆ ದುಡ್ಡನ್ನು ತಂದು ಬೆಳಕಿಗೆ ಹಿಡಿದು ನೋಡಿದರು. ಅದು ಡಾಬಿಗಿಂತ ಕರ್ರಗಿತ್ತು. "ತಾಮ್ರ ಕರ್ರಗ ಆಗೂದು ಅದರ ಗುಣ," ಎಂದು ಗಂಟಿನ ಪಕ್ಕ ಇಟ್ಟರು. ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

ಗಜೇಂದ್ರಗಡದ ಪತ್ತಾರನಿಗೆ ತೋರಿಸಬಹುದಲ್ಲ ಎಂದೆ. ತೋರಿಸಿದ್ದರು. ಅವನು ಒರೆಗಲ್ಲಿಗೆ ಉಜ್ಜಿ ನೋಡಿ, ಚಲೋ ಬೆಳ್ಳಿ ಅಂದಿದ್ದ. ಕಾಸಿ ಕೊಟ್ಟರೆ ಬೆಳ್ಳಗಾಗುತ್ತದೆ ಎಂದೂ ಹೇಳಿದ್ದ. "ಅಂವ ಇದನ್ನ ಮಾಡಿದ ನರಗುಂದದ ಪತ್ತಾರನ ಅಳಿಯ," ಎಂದರು ಅತ್ತೆ. "ಮಾವನ ಮಾಲನ್ನ ಅಳಿಯ ಖೋಟಾ ಅಂತಾನೇನ್ರಿ? ಮತ್ತ ಬೆಂಕ್ಯಾಗ ಹಾಕಿದ ಮ್ಯಾಲೆ ಒಳಗ ಹೋದದ್ದು ಏನು, ಹೊರಗ ಬಂದದ್ದು ಏನು, ಯಾರು ಕಂಡಾರ?"

ನನ್ನ ಮಾತಿಗೂ ಅಷ್ಟೇ ಬೆಲೆ. ಗಂಧಕ ತಂದವನೇ ಗಂಧಕದ ಸಾಕ್ಷಿ ಹೇಳಿದರೆ ಯಾರು ಒಪ್ಪುತ್ತಾರೆ? ಅವರ ಕಣ್ಣೆದುರಿಗೆ, ಅವರದೇ ಮನೆಯಲ್ಲಿ, ಅವರು ಸಂಶಯಪಡಲಾಗದ ಬೆಳ್ಳಿಯಿಂದಲೇ ತೋರಿಸಬೇಕಾಗಿತ್ತು. ಅದನ್ನು ಹೇಗೆ ಕೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅವರು ತಮ್ಮ ಬಲಗೈಯ ಬೆಳ್ಳಿ ಕಡಗ ಕಳಚಿದರು.

"ಇದು ನನ್ನ ತವರಿಂದು. ನಮ್ಮವ್ವ ಹಾಕಿದ್ದು. ಇದನ್ನ ಖೋಟಾ ಅನ್ನೂ ಮಗ ಇನ್ನೂ ಹುಟ್ಟಿಲ್ಲ. ಇಡ್ರಿ ನಿಮ್ಮ ಗಂಧಕದಾಗ."

"ಕರ್ರಗ ಆಗ್ತೈತಿ ಅವ್ವಾರ," ಎಂದೆ.

"ಆದ್ರ ನನ್ನ ಬಾಯಿ ಮುಚ್ಚಿಕೋತೀನಿ. ಆಗದಿದ್ರ ನೀವು ಮುಚ್ಚಿಕೋರಿ."

ಕುಡಿಕೆ ತರಿಸಿ, ಉಳಿದ ಹಳದಿ ಬೀಜದಲ್ಲಿ ಕಡಗ ಹೂತೆ. ಆಮೇಲೆ ಅವರು ಎಡಗೈಯ ಕಡಗವನ್ನೂ ಕಳಚಿದರು.

"ಇದರ ಜೋಡಿ ಇದು. ಇದನ್ನ ಗಂಧಕ ಹಚ್ಚದ ಬರೇ ಬೀಜದಾಗ ಇಡ್ರಿ. ಇಲ್ಲಾಂದ್ರ ಕರ್ರಗ ಮಾಡಿದ್ದು ಜ್ವಾಳೋ, ಗಂಧಕೋ, ನಮ್ಮನಿ ಹವಾನೋ, ಹ್ಯಾಂಗ ತಿಳೀಬೇಕು?"

ನಾನು ಕುಡಿಕೆ ಕೆಳಗಿಟ್ಟು ಅವರ ಮುಖ ನೋಡಿದೆ. ಒಂದು ಪರೀಕ್ಷೆಗೆ ಎದುರಾಗಿ ಇನ್ನೊಂದನ್ನು ಇಡಬೇಕು, ಎರಡರ ನಡುವೆ ಒಂದೇ ಒಂದು ಭೇದವಿರಬೇಕು ಎಂಬುದನ್ನು ನಮ್ಮ ಸಾಲೆಯಲ್ಲಿ ಒಂದು ಇಡೀ ತಿಂಗಳು ಕಲಿಸಿದ್ದರು. ನಮ್ಮಲ್ಲಿ ಅರ್ಧ ಮಂದಿಗೆ ಆಗಲೂ ತಿಳಿದಿರಲಿಲ್ಲ. ಅಕ್ಷರ ಬಾರದ ಈ ಹೆಂಗಸು ಸೋಲುವ ಭಯ ಎದುರಿಗಿರುವಾಗಲೇ, ತನ್ನ ಮಾತು ಸುಳ್ಳಾಗುವ ದಾರಿಯನ್ನು ತಾನೇ ಅಚ್ಚುಕಟ್ಟು ಮಾಡಿಕೊಟ್ಟಿದ್ದರು.

ಬಾಗಿಲ ಮರೆಯ ದನಿ ಮತ್ತೆ ಬಂತು. "ಗಡಿಗಿ ಇಟ್ಟಲ್ಲಿ ಮಾಳಗಿ ಸೋರಿತ್ರಿ ಅತ್ತೀ. ಇವಕ್ಕೂ ಒಂದೀಟು ನೀರು ಚಿಮುಕಸ್ರಿ. ಎರಡಕ್ಕೂ."

"ಎರಡಕ್ಕೂ," ಎಂದರು ಅತ್ತೆ, ಇದೊಂದು ಮಾತನ್ನು ಮಾತ್ರ ಒಪ್ಪಿದವರಂತೆ.

ಉತ್ಸಾಹದಲ್ಲಿ ನಾನು ಇನ್ನೂ ನಾಲ್ಕು ಕುಡಿಕೆ ಇಡಿಸಿದೆ. ಎಲ್ಲದರಲ್ಲೂ ಗಂಧಕದ ಬೀಜ, ಅಷ್ಟೇ ನೀರು. ಒಂದರಲ್ಲಿ ಬೋರಮಾಳದಿಂದ ಬಿಚ್ಚಿದ ಒಂದು ಬಂಗಾರದ ಗುಂಡು, ಒಂದರಲ್ಲಿ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ತಾಮ್ರದ ದುಡ್ಡು, ಒಂದರಲ್ಲಿ ಕಬ್ಬಿಣದ ಮೊಳೆ, ಒಂದರಲ್ಲಿ ಅಲ್ಯೂಮಿನಿಯಂ ಚಮಚ. ಅಲ್ಯೂಮಿನಿಯಮ್ಮಿಗೆ ನಮ್ಮ ಕಡೆ ಜರ್ಮನ್ ಅನ್ನುತ್ತಿದ್ದರು. ಆರೂ ಕುಡಿಕೆಗಳ ಬಾಯಿಗೆ ಅತ್ತೆ ಸಗಣಿ ಮೆತ್ತಿ, ತಮ್ಮ ಹೆಬ್ಬೆರಳು ಒತ್ತಿ, ಒಲೆಯ ಪಕ್ಕದ ಗೂಡಿನಲ್ಲಿ ಸಾಲಾಗಿ ಇಟ್ಟರು. ಆ ಗುರುತು ಒಡೆದರೆ ಯಾರ ಮಾತನ್ನೂ ಕೇಳುವುದಿಲ್ಲ ಎಂದರು.

ಆ ವಾರ ನಾನು ಶಿರೋಳದ ಕಡೆ ಇದ್ದೆ. ಸೈಕಲ್ಲು ತುಳಿಯುವಾಗಲೆಲ್ಲ ಅದೇ ಯೋಚನೆ. ಗಡಿಗೆಗೆ ಒಂದೂವರೆ ತಿಂಗಳು ಸಿಕ್ಕಿತ್ತು. ಕುಡಿಕೆಗಳಿಗೆ ಇದ್ದದ್ದು ಆರೇ ದಿನ. ಕಡಗ ಅಷ್ಟರಲ್ಲಿ ಕಪ್ಪಾಗದಿದ್ದರೆ ಸೋಮವಾರ ಆ ಹುಡುಗಿ ಹೋದಂತೆಯೇ. ನನ್ನ ಡೈರಿಯ ಶಿಸ್ತಿನಿಂದ ಒಂದು ಸಂಸಾರ ಮುರಿದಂತಾಗುತ್ತಿತ್ತು.

ಯೋಚಿಸಿದಷ್ಟೂ ಗಂಧಕದ ಮೇಲೆ ನನಗೆ ಗೌರವ ಹೆಚ್ಚಿತು. ಪಾಠದ ಪುಸ್ತಕದಲ್ಲಿ ಅದು ಆಮ್ಲಜನಕದ ಮನೆತನದ್ದು, ಅದರ ಕೆಳಗಿನ ಮನೆಯದ್ದು. ಆದರೆ ಒಂದೇ ಮನೆತನದ ಇಬ್ಬರ ಸ್ವಭಾವ ಎಷ್ಟು ಬೇರೆ! ಆಮ್ಲಜನಕ ಕಬ್ಬಿಣವನ್ನು ಕಂಡರೆ ಬಿಡುವುದಿಲ್ಲ. ಒಂದು ಮಳೆಗೆ ನೇಗಿಲ ಕುಳ ತುಕ್ಕು ಹಿಡಿಯುತ್ತದೆ. ಬೆಳ್ಳಿಯ ತಂಟೆಗೆ ಅದು ಹೋಗುವುದೇ ಇಲ್ಲ. ಗಂಧಕ ತಣ್ಣಗಿನ ಕಬ್ಬಿಣವನ್ನು ಕಣ್ಣೆತ್ತಿ ನೋಡುವುದಿಲ್ಲ. ಅದನ್ನು ಕೂಡಬೇಕಾದರೆ ಕೆಂಪಗೆ ಕಾಸಬೇಕು. ಬೆಳ್ಳಿ, ತಾಮ್ರಗಳನ್ನು ಮಾತ್ರ ಬೆಂಕಿಯಿಲ್ಲದೆ, ಸದ್ದಿಲ್ಲದೆ, ಬರೇ ಪಕ್ಕದಲ್ಲಿ ಕೂತು ಹಿಡಿಯುತ್ತದೆ. ಪಾದರಸವನ್ನಂತೂ ಔಷಧಿಯ ಕಲ್ವದಲ್ಲಿ ಅದರ ಜೊತೆ ಅರೆದರೆ ಸಾಕು, ನೋಡನೋಡುತ್ತ ಕಪ್ಪು ಹುಡಿ ಮಾಡುತ್ತದೆ. ನಮ್ಮ ವೈದ್ಯರು ಇದನ್ನು ಬಹಳ ಹಿಂದಿನಿಂದಲೇ ಬಲ್ಲರು. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವುದರಲ್ಲೂ, ಸಾಸಿವೆಯ ಖಾರದಲ್ಲೂ ಅದೇ ಇದೆ. ಇಂಥದ್ದನ್ನು ನಾನು ಪೊಟ್ಟಣ ಕಟ್ಟಿ ಹಂಚುತ್ತಿದ್ದೆ, ಒಮ್ಮೆಯೂ ಅದರ ಸ್ವಭಾವ ವಿಚಾರಿಸದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ರಾಜೂರಿನಲ್ಲಿದ್ದೆ. ಪಡಸಾಲೆಯಲ್ಲಿ ಸೊಸೆಯ ಟ್ರಂಕು ಕಟ್ಟಿಟ್ಟಿತ್ತು. ನರಗುಂದದ ಬಸ್ಸು ಗಜೇಂದ್ರಗಡಕ್ಕೆ ಬರುವುದು ಹತ್ತಕ್ಕೆ. ಬೀಗರು ಅಲ್ಲಿಂದ ಚಕ್ಕಡಿಯಲ್ಲಿ ಬರುವವರಿದ್ದರು.

ಅತ್ತೆ ಆರೂ ಕುಡಿಕೆ ತಂದು, ಹೆಬ್ಬೆರಳ ಗುರುತು ಯಜಮಾನರಿಗೆ ತೋರಿಸಿ, ಒಂದೊಂದೇ ಒಡೆದರು. ಮೊದಲು ಬರೇ ಬೀಜದ್ದು. ಕಡಗ ಇಟ್ಟಾಗ ಹೇಗಿತ್ತೋ ಹಾಗೇ ಇತ್ತು. ಆಮೇಲೆ ಗಂಧಕದ್ದು.

ಅವರು ಅದನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ಕಡಗ ಸುತ್ತಲೂ ಕಪ್ಪಾಗಿತ್ತು. ಅಲ್ಲಲ್ಲಿ ಅದೇ ಪಾರಿವಾಳದ ನೀಲಿ. ಸೆರಗಿನಿಂದ ತಿಕ್ಕಿದರು. ಹೋಗಲಿಲ್ಲ.

"ಉಳಿದವನ್ನ ತೆಗೀರಿ," ಎಂದರು ಅವರು.

ತಾಮ್ರದ ದುಡ್ಡು ಎಲ್ಲಕ್ಕಿಂತ ಕರ್ರಗಿತ್ತು. ಬಂಗಾರದ ಗುಂಡಿಗೆ ಏನೂ ಆಗಿರಲಿಲ್ಲ. ಮೊಳೆಗೆ ಎರಡು ಕಡೆ ಕೆಂಪು ತುಕ್ಕು. ಅದು ನೀರು, ಗಾಳಿಯ ಕೆಲಸ, ಗಂಧಕದ್ದಲ್ಲ. ಜರ್ಮನ್ ಚಮಚಕ್ಕೂ ಏನೂ ಆಗಿರಲಿಲ್ಲ.

"ಈ ಜರ್ಮನ್ನೂ ಬಂಗಾರದಂಥಾದ್ದ ಏನು? ಇದು ಯಾಕ ಸುಮ್ಮನ ಕುಂತೈತಿ?"

ಸೋತ ಗಳಿಗೆಯಲ್ಲೂ ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ನಾನು ಹೇಳಿದೆ: "ಬಂಗಾರ ಸುಮ್ಮನ ಇರೂದು ಅದಕ್ಕ ಬ್ಯಾಡಾಗಿ. ಜರ್ಮನ್ ಸುಮ್ಮನ ಇರೂದು ಅದರ ಮೈಮ್ಯಾಲೆ ಕಾಣದಂಥ ಒಂದು ಸಿಪ್ಪಿ ಇರೂದಕ್ಕ. ಸಿಪ್ಪಿ ತೆಗೆದ್ರ ಅದರ ಹಸಿವಿ ಬೆಳ್ಳಿಗಿಂತ ಭಾಳ. ನೀರು ಕಾಸ್ರಿ, ತೋರಸ್ತೀನಿ."

ಒಂದು ಜರ್ಮನ್ ಬೋಗುಣಿ ಕೇಳಿದೆ. ಕುದಿಯುವ ನೀರು ಸುರಿದು, ನಾನೇ ತಂದಿದ್ದ ಬಟ್ಟೆ ಒಗೆಯುವ ಸೋಡಾ ಎರಡು ಹಿಡಿ ಹಾಕಿದೆ. ಬೋಗುಣಿಯ ಮೈಯಿಂದ ಗುಳ್ಳೆಗಳೆದ್ದವು. ಸಿಪ್ಪೆ ಕರಗುತ್ತಿದೆ ಎಂದೆ. ಸೊಸೆಯ ಡಾಬನ್ನು ತಳಕ್ಕೆ ತಾಗುವಂತೆ ಇಳಿಬಿಟ್ಟೆ. ಕೊಳೆತ ಉಳ್ಳಾಗಡ್ಡಿಯಂಥ ನಾತ ಎದ್ದಿತು.

"ಶಿವನ! ಏನ್ ಹೊಲಸು!" ಎಂದು ಯಜಮಾನರು ಮೂಗಿಗೆ ರುಮಾಲು ಹಿಡಿದರು.

"ಅದ ಗಂಧಕ ಹೊಂಟ ಗುರುತ್ರಿ," ಎಂದೆ.

ಸೊಸೆ ಮೊದಲ ಸಲ ಬಾಗಿಲ ಮರೆ ಬಿಟ್ಟು ಮುಂದೆ ಬಂದು ಬಗ್ಗಿ ನೋಡಿದಳು. ಡಾಬಿನ ಕಪ್ಪು ಅಂಚಿನಿಂದ ತೆಳುವಾಗುತ್ತ ಬಂತು. ಮೊದಲು ಕಂದು, ಆಮೇಲೆ ಹಳದಿ ಛಾಯೆ, ಆಮೇಲೆ ಬೆಳ್ಳಿ. ಯಾರೂ ತಿಕ್ಕಲಿಲ್ಲ, ಕಾಸಲಿಲ್ಲ, ಕಣ್ಣ ಮುಂದಿನಿಂದ ಆಚೆ ಒಯ್ಯಲಿಲ್ಲ. ಬೋಗುಣಿಯ ತಳ ಮಾತ್ರ ಮಾಸಿತು.

ಅತ್ತೆ ಡಾಬನ್ನು ಎತ್ತಿ ತಣ್ಣೀರಲ್ಲಿ ಅದ್ದಿ, ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರ, ಬೆಳ್ಳಿ ಕೈಬಿಟ್ಟು ಜರ್ಮನ್ ಕಡೆ ಓಡಿ ಬಂತು. ಬಂಗಾರದ ಕಡೆ ತಿರುಗಿ ನೋಡಲಿಲ್ಲ," ಎಂದರು. "ಈ ಗಂಧಕಕ್ಕ ಪ್ಯಾಟಿ ಧಾರಣಿ ಗೊತ್ತಿಲ್ಲ ಬಿಡ್ರಿ."

ಇಷ್ಟು ವರ್ಷಗಳಲ್ಲಿ ಗಂಧಕದ ಬಗ್ಗೆ ಇದಕ್ಕಿಂತ ಚೊಕ್ಕ ಮಾತನ್ನು ನಾನು ಓದಿಲ್ಲ.

ಪೈಜಣವೂ ಬೆಳ್ಳಗಾಯಿತು. ನೀರು ಇನ್ನೂ ಬಿಸಿ ಇತ್ತು. "ನಿಮ್ಮ ಕಡಗ ಕೊಡ್ರಿ ಅವ್ವಾರ," ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಕರಿಯ ಕಡಗವನ್ನು ಬಲಗೈಗೆ, ಬಿಳಿಯದನ್ನು ಎಡಗೈಗೆ ಏರಿಸಿಕೊಂಡು ರೊಟ್ಟಿ ಬಡಿಯಲು ಒಳಗೆ ಹೋದರು.

ಬೀಗರು ಹನ್ನೊಂದರ ಸುಮಾರಿಗೆ ಬಂದರು. ಬಿಳಿ ರುಮಾಲು, ಧೂಳು ಹಿಡಿದ ಕೋಟು. ಚಕ್ಕಡಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಕೂಡಲೇ ಹಿಂತಿರುಗುವವರಂತೆ ಕಾಲಲ್ಲಿನ ಚರ್ಮದ ಕಾಲ್ಮರಿ ಕೂಡ ಬಿಡದೆ ಹೊಸ್ತಿಲ ಹೊರಗೆ ನಿಂತರು. ಯಾರ ಮುಖವನ್ನೂ ನೋಡಲಿಲ್ಲ. "ಟ್ರಂಕು ಎತ್ತಸ್ರಿ," ಎಂದರು.

ಅತ್ತೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ಬಂದು, ಎರಡೂ ಕೈ ಮುಂದೆ ಚಾಚಿ ಅವರೆದುರು ನಿಂತರು. ಬೀಗರ ಕಣ್ಣು ತಂಬಿಗೆಯಿಂದ ಮಣಿಕಟ್ಟಿಗೆ ಹೋಯಿತು. ಅಲ್ಲೇ ನಿಂತಿತು.

"ಇದೇನ್ರಿ ಬೀಗತಿ, ಒಂದ ಕೈ ಕಡಗ ಹಿಂಗ..."

"ನಮ್ಮ ತವರಿನವರೂ ಖೋಟಾ ಮಂದೀನ ಅಂತ ಇವತ್ತ ಮುಂಜಾನಿ ಗೊತ್ತಾತ್ರಿ ಬೀಗರ," ಎಂದರು. "ಕಾಲ್ಮರಿ ಬಿಟ್ಟು ಒಳಗ ಬರ್ರಿ. ಕಾರ್ಡಿನಾಗ ಬರೆಸಿದ್ದಕ್ಕ ನಾನ ಬಾಯಿಲೆ ಉತ್ತರ ಹೇಳಬೇಕು, ನಿಂತು ಕೇಳೂವಷ್ಟು ಸಣ್ಣ ಮಾತಲ್ಲ ಅದು."

ಬೀಗರು ಯಜಮಾನರತ್ತ ನೋಡಿದರು. ಯಜಮಾನರು ನನ್ನತ್ತ ನೋಡಿದರು. ಆ ಮನೆಯಲ್ಲಿ ಹೇಳಬೇಕಾದವರು ಹೇಳುತ್ತಿದ್ದರು. ಬೀಗರು ನಿಧಾನವಾಗಿ ಕಾಲ್ಮರಿ ಬಿಟ್ಟು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಒಳಗೆ ಕಾಲಿಟ್ಟರು. ಕಾಲು ಟ್ರಂಕಿಗೆ ತಾಗಿತು.

"ಏನವಾ, ಹಾದ್ಯಾಗ ಇಟ್ಟೀಯಲ್ಲ ಇದನ್ನ," ಎಂದು ಅತ್ತೆ ಒಳಗೆ ಕೂಗಿ ಹೇಳಿದರು. "ನಿಮ್ಮಪ್ಪ ಎಡವಿ ಬಿದ್ದಾನು. ಒಯ್ದು ಖೋಲ್ಯಾಗ ಇಡು. ಆಮ್ಯಾಲೆ ಇನ್ನೊಂದು ನಾಕು ರೊಟ್ಟಿ ಬಡಿ."